ಪೊರಕೆಗೆ ಸಿಕ್ಕ ತಾತ

ಪಿತೃಪಕ್ಷದಲ್ಲಿ ಅರಮನೆಯ ದೀಪಕ್ಕೆ ಬರುವ ದೊಡ್ಡ ಪತಂಗಗಳು ಸತ್ತುಹೋದ ಅರಸರೇ ಎಂದು ಕರಿಗಲ್ಲು ಸೀಮೆಯಲ್ಲಿ ಆಗ ಎಲ್ಲರೂ ನಂಬಿದ್ದರು. ಆ ವರ್ಷ ಅರಸ ಡಂಗುರ ಸಾರಿಸಿದ್ದು ಹೀಗೆ:

"ಕಸ ಗುಡಿಸುವ ಈರವ್ವ ನಮ್ಮ ತಾತನವರನ್ನು ಪೊರಕೆಯಿಂದ ಹೊಡೆದು ಕೊಂದಿದ್ದಾಳೆ. ಅಮಾವಾಸ್ಯೆಯ ದಿನ ಅವಳನ್ನು ಆನೆಯ ಕಾಲಿಗೆ ಹಾಕಲಾಗುವುದು. ತಾತನವರು ಪುರೋಹಿತರ ಕನಸಿಗೆ ಬಂದು ಮೂರು ಒಗಟು ಹೇಳಿದ್ದಾರೆ. ಬಿಡಿಸಿದವನಿಗೆ ರಾಜಕುಮಾರಿ, ಬೇಡವೆಂದರೆ ಕೇಳಿದ್ದು. ತಪ್ಪಿದವನಿಗೂ ಅದೇ ಆನೆ."

ಸತ್ತ ಪತಂಗ ತಾತನೇ ಎಂದು ಗುರುತಿಸಿದವರು ಪುರೋಹಿತರು. ತಾತನ ಎಡಗಿವಿ ಯುದ್ಧದಲ್ಲಿ ಹರಿದಿತ್ತು, ಪತಂಗದ ಎಡರೆಕ್ಕೆಯೂ ಹರಿದಿತ್ತು. ರೆಕ್ಕೆ ಹರಿದದ್ದು ಪೊರಕೆಯಿಂದ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ರಾಜಕುಮಾರಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಮೊದಲು ಪಕ್ಕದ ಸೀಮೆಯ ರಾಜಕುಮಾರ ಬಂದ. ಮೊದಲ ಒಗಟಿಗೇ ಬೆಂಕಿ ಎಂದ, ಆನೆಯ ಕಾಲಿಗೆ ಹೋದ. ಆಮೇಲೆ ಒಬ್ಬ ಪಂಡಿತ ಕಾಲಪುರುಷ ಎಂದು ಶುರುಮಾಡಿ ಅರ್ಧ ದಿನ ವಿವರಿಸಿದ. ಅವನನ್ನು ಕಳಿಸಿಕೊಡುವಾಗ ಸಭೆಗೆ ಅಷ್ಟೇನೂ ದುಃಖವಾಗಲಿಲ್ಲ. ವರ್ತಕನ ಮಗನೊಬ್ಬ ಮೂರನೆಯ ಒಗಟಿನವರೆಗೂ ಬಂದು ನವಿಲು ಎಂದ. ಅವನೂ ಹೋದ.

ಅಮಾವಾಸ್ಯೆಯ ದಿನ ಈರವ್ವನನ್ನು ಅಂಗಳದಲ್ಲಿ ಕಟ್ಟಿಹಾಕಿದ್ದಾಗ ಅವಳ ತಮ್ಮ ತಿಬ್ಬ ಒಂದು ಮತ್ತಿ ಕೊಂಬೆ ಹಿಡಿದುಕೊಂಡು ಬಂದ. ಅರಮನೆಯ ತೋಟದಲ್ಲಿ ಮರಗಳಿಂದ ಹುಳು ಉದುರಿಸಿ ಕೊಲ್ಲುವುದು ಅವನ ಕೆಲಸ. ಅಕ್ಕ ಅವನನ್ನು ಹಿಂದಕ್ಕೆ ಹೋಗು ಎಂದು ಬೈದಳು.

"ಪೊರಕೆಯವಳ ತಮ್ಮನೋ?" ಎಂದ ಅರಸ. "ಒಳ್ಳೆಯದಾಯಿತು. ಇಡೀ ಮನೆಗೆ ಒಂದೇ ಆನೆ ಸಾಕು."

"ಸಾಕು ಬುದ್ಧಿ. ಒಗಟು ಹೇಳಿಸಿ."

ಪುರೋಹಿತರು ಎದ್ದು ನಿಂತರು. "ಹುಟ್ಟಿದ ಕೂಡಲೇ ತಾನು ಹುಟ್ಟಿದ ಮನೆಯನ್ನೇ ತಿನ್ನುತ್ತಾನೆ. ಮೈ ಹಿಡಿಸದಾದಾಗ ತೊಗಲು ಕಳಚಿಟ್ಟು ಮತ್ತೆ ತಿನ್ನುತ್ತಾನೆ. ಯಾರವನು?"

ತಿಬ್ಬ ಎರಡನೆಯದನ್ನೂ ಹೇಳಿ ಎಂದ.

"ಬಾಗಿಲಿಲ್ಲದ ಮನೆ ಕಟ್ಟಿ ಒಳಗೇ ಉಳಿದಿದ್ದಾನೆ. ಉಣ್ಣುವುದಿಲ್ಲ, ಸತ್ತೂ ಇಲ್ಲ. ಯಾರವನು?"

"ಮೂರನೆಯದು?"

"ಬೆನ್ನ ಮೇಲೆ ನಾಲ್ಕು ಕಣ್ಣು, ಒಂದರಿಂದಲೂ ನೋಡುವುದಿಲ್ಲ. ವರ್ಷಕ್ಕೊಮ್ಮೆ ಮನೆಗೆ ಬರುತ್ತಾನೆ, ಬಡಿಸಿದ್ದನ್ನು ಮುಟ್ಟುವುದಿಲ್ಲ. ಯಾರವನು?"

"ಮೂರೂ ಒಬ್ಬನೇ," ಎಂದ ತಿಬ್ಬ.

ಪುರೋಹಿತರು ತಪ್ಪೆಂದರು. ಮೊದಲನೆಯವನು ಎಲೆಹುಳು, ಪಾಪಿ; ಎರಡನೆಯವನು ಗೂಡಿನಲ್ಲಿ ಕೂತ ತಪಸ್ವಿ; ಮೂರನೆಯವರು ಸಾಕ್ಷಾತ್ ತಾತನವರು. ಪುರೋಹಿತರ ಕನಸುಗಳೆಲ್ಲ ಅವರ ಕಿಟಕಿಯಿಂದ ಕಾಣುವ ಮತ್ತಿ ಮರದಿಂದಲೇ ಬರುತ್ತಿದ್ದವು. ಪೂರ್ತಿ ನೋಡುವಷ್ಟು ಹೊತ್ತು ಅವರು ಅಲ್ಲಿ ನಿಂತವರಲ್ಲ.

ಮಾವುತನನ್ನು ಕರೆದರು. ತಿಬ್ಬ ಕೊಂಬೆಯನ್ನು ಕಂಬಕ್ಕೆ ಕಟ್ಟಿದ. ಅದರಲ್ಲಿ ಕೋಳಿಮೊಟ್ಟೆಯಂಥ ಗೂಡುಗಳು ನೇತಾಡುತ್ತಿದ್ದವು. "ದೀಪ ಹಚ್ಚುವವರೆಗೆ ತಡೆಯಿರಿ ಬುದ್ಧಿ. ಆನೆ ಎಲ್ಲಿಗೂ ಹೋಗುವುದಿಲ್ಲ." ಅರಸನಿಗೆ ಬೇರೆ ಕೆಲಸವಿರಲಿಲ್ಲ. ತಡೆದ.

ದೀಪ ಹಚ್ಚುವ ಹೊತ್ತಿಗೆ ಒಂದು ಗೂಡಿನ ತುದಿ ಒದ್ದೆಯಾಯಿತು. ನೂಲನ್ನು ಒತ್ತರಿಸಿಕೊಂಡು ಮುದುಡಿದ ಪ್ರಾಣಿಯೊಂದು ಹೊರಬಂತು. ಅದರ ರೆಕ್ಕೆಗಳು ಹಿಂಡಿದ ಬಟ್ಟೆಯಂತಿದ್ದವು. ಕೊಂಬೆಗೆ ಜೋತುಬಿದ್ದು ಅವನ್ನು ನಿಧಾನವಾಗಿ ಬಿಡಿಸಿತು: ಇಟ್ಟಿಗೆಪುಡಿಯ ಬಣ್ಣ, ಅಂಚಿನಲ್ಲಿ ಬೂದಿಗೆರೆ, ರೆಕ್ಕೆಗೊಂದರಂತೆ ನಾಲ್ಕು ದುಂಡು ಕಣ್ಣು.

ಸಭೆ ಅಭ್ಯಾಸಬಲದಿಂದ ಅಡ್ಡಬಿತ್ತು. ಅರಸನೂ ಬಿದ್ದ.

ಎಲ್ಲರೂ ಇನ್ನೂ ನೆಲದ ಮೇಲಿದ್ದಾಗಲೇ ತಿಬ್ಬ ವಿವರಿಸಿದ. ಹುಳು ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನು, ಆಮೇಲೆ ಮತ್ತಿ ಎಲೆಯನ್ನು. ಹೊಟ್ಟೆ ತುಂಬಿದ ಮೇಲೆ ನೂಲು ಬಿಟ್ಟು ಗೂಡು ಕಟ್ಟುತ್ತದೆ. ಮಳೆ ಕಳೆದ ಮೇಲೆ ಹೀಗೆ ಹೊರಬರುತ್ತದೆ. ಬಂದದ್ದಕ್ಕೆ ತಿನ್ನುವ ಬಾಯಿಯಿಲ್ಲ, ಪಿತೃಪಕ್ಷದಲ್ಲಿ ಅರಮನೆಯವರು ಬಡಿಸುವ ಪಾಯಸ ಮುಟ್ಟದಿರುವುದು ಅದಕ್ಕೇ. ಕೆಲವು ದಿನದಲ್ಲಿ ತಾನೇ ಸಾಯುತ್ತದೆ.

"ನಮ್ಮಕ್ಕ ಕೊಂದದ್ದು ಒಬ್ಬರನ್ನು," ಎಂದ. "ಹುಳುಗಳನ್ನು ಕೊಲ್ಲು ಅಂತ ನನಗೆ ಅಪ್ಪಣೆ ಕೊಟ್ಟವರು ತಾವು. ತಮ್ಮ ವಂಶದವರು ಎಷ್ಟು ಜನ ಹೋದರೋ, ನಾನು ಎಣಿಸಿಲ್ಲ ಬುದ್ಧಿ."

ಅಪ್ಪಣೆ ಕೊಟ್ಟವರಿಗೂ ಅದೇ ಆನೆಯೇ ಎಂಬಂತೆ ಮಾವುತ ಒಮ್ಮೆ ಅರಸನ ಕಡೆ ನೋಡಿದ. ಅರಸನೂ ಅದನ್ನು ಗಮನಿಸಿದ.

"ಏನು ಬೇಕೋ ತಗೊಂಡು ತೊಲಗು," ಎಂದ.

"ನಮ್ಮಕ್ಕ ಸಾಕು."

ಹಗ್ಗ ಬಿಚ್ಚಿದರು. ಒಗಟು ಬಿಡಿಸಿದವನನ್ನು ಬರಿಗೈಯಲ್ಲಿ ಕಳಿಸಿದರೆ ಅರಮನೆಗೆ ಅವಮಾನವೆಂದು ತೋಟವನ್ನೂ ಅವನ ಹೆಸರಿಗೆ ಬರೆದುಕೊಟ್ಟರು, ಹುಳುಗಳ ಸಮೇತ. ಈರವ್ವ ಮಣಿಕಟ್ಟು ತಿಕ್ಕಿಕೊಳ್ಳುತ್ತ, ಇಷ್ಟು ಗೊತ್ತಿದ್ದವನು ಮೊದಲೇ ಬರಬಾರದಾಗಿತ್ತೇ ಎಂದು ತಮ್ಮನನ್ನು ದಾರಿಯುದ್ದಕ್ಕೂ ಬೈದಳು.

ಅವರು ಹೋದ ಮೇಲೆ ಪುರೋಹಿತರು ಚೇತರಿಸಿಕೊಂಡರು. ಹುಳುವಾದದ್ದು ತಾತನವರ ಪ್ರಾಯಶ್ಚಿತ್ತ, ಈಗ ಎಲ್ಲರೆದುರು ಮರಳಿ ಬಂದಿದ್ದಾರೆ, ಇನ್ನು ಸಂಶಯಕ್ಕೆ ಎಡೆಯೇ ಇಲ್ಲ ಎಂದರು. ಅರಸನಿಗೆ ಅದು ಸರಿಯೆನಿಸಿತು. ಪತಂಗವನ್ನು ಸಿಂಹಾಸನದ ಮಖಮಲ್ ದಿಂಬಿನ ಮೇಲೆ ಕೂರಿಸಿ, ಮುಂದೆ ಪಾಯಸ ಇಟ್ಟು, ಬಾಗಿಲು ಹಾಕಿಕೊಂಡು ಹೋದರು.

ಬೆಳಗಾಗುವ ಹೊತ್ತಿಗೆ ತಾತ ಮೊಟ್ಟೆ ಇಟ್ಟಿದ್ದರು.