ಮಾತಿಲ್ಲದ ಪಾರ್ಟು

ಊರ ನಾಟಕದಲ್ಲಿ ಟೇಲರ್ ಗುರುಸಿದ್ದನಿಗೆ ಸಿಕ್ಕಿದ್ದು ದ್ವಾರಪಾಲಕನ ಪಾರ್ಟು. ಮಾತೇ ಇಲ್ಲ. ಹೆಂಡತಿಗೆ ಹೇಳಲೂ ಅವನಿಗೆ ನಾಚಿಕೆ. "ಈಟಿ ಹಿಡಿದು ತೆಪ್ಪಗೆ ನಿಲ್ಲೋ. ಬಾಯಿ ಬಿಟ್ಟರೆ ನೋಡು!" ಎಂದಿದ್ದರು, ಖರ್ಚು ಹಾಕಿ ರಾಜನ ಪಾರ್ಟು ಹಿಡಿದ ಸಾವ್ಕಾರ್ರು. ತಾಲೀಮಿನುದ್ದಕ್ಕೂ ತೆಪ್ಪಗೆ ನಿಂತವನಿಗೆ ರಾಜನ ಮಾತೆಲ್ಲ ಬಾಯಿಪಾಠವಾಯಿತು.

ನಾಟಕದ ದಿನ ಸಿಂಹಾಸನವೇರಿದ ಸಾವ್ಕಾರ್ರಿಗೆ ಜನರನ್ನು ಕಂಡು ಬಾಯಿ ಕಟ್ಟಿತು. ಪರದೆ ಹಿಂದಿನಿಂದ ನಾಟಕದ ಮೇಷ್ಟ್ರು ಎಷ್ಟು ಪಿಸುಗುಟ್ಟಿದರೂ ಮಾತು ಹೊರಡದು. ಜನ ಶಿಳ್ಳೆ ಹೊಡೆದರು. ಸಾವ್ಕಾರ್ರು ಕಿರೀಟ ಸಮೇತ ತಲೆ ತಗ್ಗಿಸಿದರು.

ಗುರುಸಿದ್ದ ಈಟಿ ಕುಟ್ಟಿದ. "ಪ್ರಭುಗಳು ಇಂದು ಮೌನವ್ರತದಲ್ಲಿದ್ದಾರೆ. ಅವರ ಅಪ್ಪಣೆಯನ್ನು ನಾನು ಸಾರುತ್ತೇನೆ!" ಎಂದು ರಾಜನ ಮಾತನ್ನೆಲ್ಲ ಗುಡುಗಿಬಿಟ್ಟ. ಚಪ್ಪಾಳೆಯೋ ಚಪ್ಪಾಳೆ.

ಬಣ್ಣ ಒರೆಸುವಾಗ ಸಾವ್ಕಾರ್ರು ಅವನ ಮುಖ ನೋಡಲಾರದೆ, ಕನ್ನಡಿ ನೋಡುತ್ತಲೇ ಹೇಳಿದರು: "ಬರೋ ವರ್ಷ ನೀನೇ ರಾಜ ಆಗಪ್ಪ. ಆ ಈಟಿ ನನಗಿರಲಿ."