ಪಟದೊಳಗಿನ ಕುರಿಗಾಹಿ

"ಗುರುಗಳೇ, ಕಣ್ಣು ಮುಚ್ಚಿದರೆ ಸಾಕು, ತಲೆಯೊಳಗೆ ಸಂತೆ ನೆರೆಯುತ್ತದೆ. ಬೆಟ್ಟದ ಗುಹೆಯಲ್ಲಿ ಕೂತಿರುವ ತಪಸ್ವಿಯನ್ನು ನೋಡಿ ಬಂದೆ. ಏನು ನಿಶ್ಚಲತೆ! ನಾನೂ ಅಲ್ಲಿಗೇ ಹೋಗಿಬಿಡಲೇ?" ಎಂದು ಶಿಷ್ಯ ಮುದ್ದಯ್ಯ ಕೇಳಿದ. ಗಂಟು ಆಗಲೇ ಕಟ್ಟಿಯಾಗಿತ್ತು.

ಗುರುಗಳು ಗಂಟನ್ನೊಮ್ಮೆ ನೋಡಿ ಹೇಳತೊಡಗಿದರು.

ಬಿಳಿಯರ ಆಳ್ವಿಕೆಯ ಕಾಲದಲ್ಲಿ ಬಯಲುಸೀಮೆಯ ಪೇಟೆಯೊಂದರಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಮನೆಯಲ್ಲಿ ಅತ್ತೆಯ ಮಾತು, ಅಂಗಡಿಯಲ್ಲಿ ನೊಣ. ಊರು ಬಿಟ್ಟು ಹೊರಟ ಬಿಳಿಯ ದೊರೆಯೊಬ್ಬನ ಸಾಮಾನು ಹರಾಜಾದಾಗ ಅವನಿಗೊಂದು ಅಚ್ಚಿನ ಪಟ ಸಿಕ್ಕಿತು. ದೊರೆ ತಾನೇ ಬರೆದು ತನ್ನ ದೇಶದಲ್ಲಿ ಅಚ್ಚು ಹಾಕಿಸಿದ್ದು. ಅದರಲ್ಲಿ ಬೆಟ್ಟ, ಝರಿ, ಹುಲ್ಲಿನ ಗುಡಿಸಲು. ಒಂಟಿ ಮರದಡಿ ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿ ನಗುತ್ತಿರುವ ಕುರಿಗಾಹಿ.

ವ್ಯಾಪಾರಿ ಪಟವನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ. ನೋಡಿದಷ್ಟೂ ಸಂಕಟವಾಯಿತು. ಅಂಥ ನಗು ಒಂದು ದಿನವಾದರೂ ತನ್ನ ಮುಖದ ಮೇಲೆ ಮೂಡಿದ್ದುಂಟೇ? ಕೊನೆಗೆ ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ, "ಬೆಟ್ಟಕ್ಕೆ ಹೊರಟೆ, ಇನ್ನು ನನ್ನನ್ನು ಯಾರೂ ಹುಡುಕಬೇಡಿ" ಎಂದ.

"ಕಂಬಳಿ ತಗೊಂಡು ಹೋಗಿ, ಮೇಲೆ ಚಳಿಯಂತೆ" ಎಂದಳು ಹೆಂಡತಿ.

ಪಟವನ್ನು ಕಂಕುಳಲ್ಲಿಟ್ಟುಕೊಂಡು, ಕಂಡವರಿಗೆಲ್ಲ ಅದನ್ನು ತೋರಿಸಿ ದಾರಿ ಕೇಳುತ್ತ ಬೆಟ್ಟ ಹತ್ತಿದ. ಇಂಬಳಗಳು ಕಾಲಿಗೆ ಕಚ್ಚಿ ರಕ್ತ ಹೀರಿದವು. ಎರಡು ಕಡೆ ಜಾರಿ ಬಿದ್ದ. ಕಂಬಳಿಯ ಅಂಚನ್ನು ಮೇಕೆಯೊಂದು ತಿಂದಿತು. ಅವನು ಲೆಕ್ಕಿಸಲಿಲ್ಲ. ಅಗೋ, ಅದೇ ಮರ! ಪಕ್ಕದಲ್ಲಿ ಕೋಲೂರಿ ನಿಂತವನು ಅದೇ ಕುರಿಗಾಹಿ! ವ್ಯಾಪಾರಿ ಮಾತಾಡಲೂ ನಿಲ್ಲದೆ ಮರದಡಿ ಮಲಗಿ, ತಲೆಗೆ ಕೈ ಕೊಟ್ಟು, ಕಣ್ಣು ಮುಚ್ಚಿ, ನಗಲು ಸಿದ್ಧನಾದ.

ಮರುಗಳಿಗೆಯಲ್ಲಿ ಅಂಗಿ ಕಿತ್ತೆಸೆದು ಕುಣಿಯುತ್ತಿದ್ದ. ಮೈತುಂಬ ಕೆಂಪಿರುವೆ.

"ಹಂಗಲ್ಲ ಸ್ವಾಮಿ, ಅಲ್ಲಾಡಬಾರದು" ಎಂದ ಕುರಿಗಾಹಿ. "ಆ ದೊರೆ ಮಲಗು ಅಂದ, ಮಲಗಿದೆ. ಅಲ್ಲಾಡಬೇಡ ಅಂದ. ಮಗ್ಗುಲಲ್ಲಿ ಬಂದೂಕು ಇಟ್ಟುಕೊಂಡಿದ್ದ. ಹೊತ್ತು ಇಳಿಯೋ ತನಕ ಬರೆದ."

"ಮತ್ತೆ ಈ ನಗು?" ವ್ಯಾಪಾರಿ ಅಳುಮುಖದಲ್ಲೇ ಪಟ ಬಿಡಿಸಿ ಹಿಡಿದ.

ಕುರಿಗಾಹಿ ಬಗ್ಗಿ, ಪಟದಲ್ಲಿದ್ದ ತನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಹಲ್ಲು ಕಚ್ಚಿಕೊಂಡಿದ್ದೆ."

ಅವನೇ ಸೊಪ್ಪು ಅರೆದು ವ್ಯಾಪಾರಿಯ ಬೆನ್ನಿಗೆ ಹಚ್ಚಿ, ಬೆಟ್ಟದ ಬುಡದವರೆಗೂ ಬಂದು ಬೀಳ್ಕೊಟ್ಟ. ಪಟ ಮತ್ತೆ ಗಲ್ಲಾದ ಮೇಲೇರಿತು. ಮುಂದೆ ಯಾವ ಗಿರಾಕಿ ಅದನ್ನು ನೋಡಿ "ಆಹಾ, ಇವನದಪ್ಪಾ ನೆಮ್ಮದಿ!" ಎಂದರೂ ವ್ಯಾಪಾರಿಗೆ ಬೆನ್ನು ತುರಿಸುತ್ತಿತ್ತು.

ಮುದ್ದಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ಆದರೆ ಗುಹೆಯ ತಪಸ್ವಿ ಹಾಗಲ್ಲ ಗುರುಗಳೇ. ನಾನೇ ಕಣ್ಣಾರೆ ಕಂಡಿದ್ದೇನೆ" ಎಂದ.

"ಮೊನ್ನೆ ನೀನು ಧ್ಯಾನಕ್ಕೆ ಕೂತದ್ದನ್ನು ಕಣ್ಣಾರೆ ಕಂಡ ಭಕ್ತನೊಬ್ಬ, 'ಅಷ್ಟು ಶಾಂತಿ ನನಗೆಂದು ಸಿಕ್ಕೀತು ಸ್ವಾಮಿ?' ಎಂದು ನನ್ನ ಮುಂದೆ ಅತ್ತುಬಿಟ್ಟ" ಎಂದರು ಗುರುಗಳು.