ಸುಣ್ಣದ ಗೋಡೆ ಬೆವರುವುದೇಕೆ

“ಅಣ್ಣಾ, ದಾರಿ ತಪ್ಪಿಬಿಟ್ಟಿದೀನಿ. ನಮ್ಮನೆಯವರು ಈ ಕಡೆ ಬಂದ್ರಾ?” ಎಂದು ಸುಣ್ಣಕ್ಕ ಏಡಿಯನ್ನು ಕೇಳಿದಳು. ಲೋಕ ಆಗಷ್ಟೇ ಹುಟ್ಟಿ, ತಾವು ಎಲ್ಲಿಗೆ ಹೋಗಬೇಕೆಂದು ದಾರಿಗಳಿಗೇ ಗೊತ್ತಿರದ ಕಾಲ ಅದು.

ಮೊದಲು ಸುಣ್ಣಕ್ಕ ಗಟ್ಟಿ ಬಿಳಿಗಲ್ಲಾಗಿದ್ದಳು. ಗಂಡ ಉಸಿರಪ್ಪ ಅವಳೊಳಗೇ ವಾಸ. ಒಂದು ದಿನ ಬೆಂಕಿರಾಯ ನೆಂಟನಾಗಿ ಬಂದು ಅಲ್ಲೇ ಠಿಕಾಣಿ ಹೂಡಿದ. ಸೆಕೆ ತಾಳಲಾರದೆ ಉಸಿರಪ್ಪ, “ಬರ್ತೀನಿ ಕಣೇ” ಎಂದವನೇ ಗಾಳಿಯಲ್ಲಿ ಗಾಳಿಯಾಗಿ ಹೊರಟುಹೋದ. ಅವನಿಲ್ಲದೆ ಸುಣ್ಣಕ್ಕ ಹಗುರಾದಳು, ಮುಟ್ಟಿದರೆ ಪುಡಿಯಾಗುವಂತಾದಳು. ಅವನು ಸಿಗದಿದ್ದರೆ ಒಂದು ಜೋರು ಬಿರುಗಾಳಿ ಸಾಕು, ಅವಳ ಗುರುತೂ ಉಳಿಯದು.

“ಬರ್ತೀನಿ ಅಂದಿದಾರೆ,” ಎಂದಳು.

ಏಡಿ ನಕ್ಕಿತು. “ಎಲ್ಲರೂ ಹಾಗೇ ಅನ್ನೋದು ತಾಯಿ. ಹೊರಡುವಾಗ ‘ಹೋಗ್ತೀನಿ’ ಅಂದವರನ್ನ ಎಲ್ಲಾದರೂ ಕಂಡಿದ್ದೀಯಾ? ಇರಲಿ, ಆ ಗುಡ್ಡದ ಮೇಲೆ ಸುತ್ತಾಡ್ತಿದ್ದ. ನೆಟ್ಟಗೆ ಹೋಗು.”

ಏಡಿಯ ನೆಟ್ಟಗೆ ಅಂದರೆ ಅಡ್ಡಡ್ಡ. ಅದು ಕೈ ತೋರಿದ ಕಡೆಗೇ ನಡೆದ ಸುಣ್ಣಕ್ಕ ಸೀದಾ ಹೊಳೆಗೆ ಬಿದ್ದಳು.

ಬಿದ್ದವಳಿಗೆ ಎಂಥ ಬಾಯಾರಿಕೆ! ಗಟಗಟ ಕುಡಿದಳು. ಕುಡಿದಷ್ಟೂ ಮೈ ಕಾಯಿತು, ಹೊಳೆ ಕೊತಕೊತ ಕುದಿಯಿತು. ಒಳಗೆ ಠಿಕಾಣಿ ಹೂಡಿದ್ದ ಬೆಂಕಿರಾಯ ಆ ಹಬೆಯ ಜೊತೆಗೇ ಹೊರಟುಹೋದ.

“ಅಲ್ವೇ, ಕೇಳಿದ್ರೆ ನೀರು ಕೊಡ್ತಿರಲಿಲ್ವಾ? ನನ್ನನ್ನೇ ಬೇಯಿಸ್ತೀಯಲ್ಲ!” ಎಂದು ಹೊಳೆಯಮ್ಮ ಬೈದಳು.

“ಸಾಲ ಅಂದ್ಕೊಳ್ಳಿ ಅಮ್ಮಾ. ಅವರು ಸಿಕ್ಕಿದ ಕೂಡಲೇ ತೀರಿಸ್ತೀನಿ,” ಎಂದಳು ಸುಣ್ಣಕ್ಕ. ಅಷ್ಟರಲ್ಲಿ ಅವಳು ಬೆಣ್ಣೆಯಂತೆ ಮೆತ್ತಗಾಗಿದ್ದಳು.

ಹೊಳೆಯಮ್ಮನ ಸಿಟ್ಟು ಇಳಿಯಿತು. “ಗಾಳಿ ಇರೋ ಕಡೆಯೆಲ್ಲ ನಿನ್ನ ಗಂಡನೂ ಇರ್ತಾನೆ, ಹುಡುಕ್ಕೊಂಡು ಅಲೀಬೇಡ. ಆದರೆ ಹೀಗೆ ಮುದ್ದೆಯಾಗಿ ಕೂತರೆ ಅವನು ಒಳಗೆ ಬರೋದು ಹೇಗೆ? ಹೋಗು, ಆ ಗುಡಿಸಲ ಗೋಡೆ ಮೇಲೆ ತೆಳ್ಳಗೆ ಹರಡಿಕೋ.”

ಸುಣ್ಣಕ್ಕ ಹರಡಿಕೊಂಡಳು, ಕಾದಳು. ಉಸಿರಪ್ಪ ಬಂದ. “ನೆಂಟ ಹೋದನಾ?” ಎಂದು ಮೊದಲು ವಿಚಾರಿಸಿಕೊಂಡೇ ಮೆಲ್ಲಮೆಲ್ಲಗೆ ಒಳಗೆ ಸೇರಿದ.

ಅವನು ಸೇರಿದಂತೆಲ್ಲ ಸುಣ್ಣಕ್ಕ ಮತ್ತೆ ಕಲ್ಲಾದಳು. ಇಬ್ಬರಿಗಷ್ಟೇ ಜಾಗವಿದ್ದ ಸಂಸಾರ. ಕುಡಿದ ನೀರು ಹೊರಗೆ ಬರಲೇಬೇಕಾಯಿತು. ಹನಿಹನಿಯಾಗಿ ಗೋಡೆ ಇಳಿದು ಹೊಳೆಯತ್ತ ಹರಿಯಿತು.

“ಇಷ್ಟು ದಿನ ಇಟ್ಕೊಂಡಿದ್ದಕ್ಕೆ ಇನ್ನೊಂದು ಹನಿ ಹಾಕೇ,” ಎಂದಳು ಹೊಳೆಯಮ್ಮ.

“ಎಲ್ಲಿಂದ ತರಲಿ ಅಮ್ಮಾ? ಒಳಗೆ ಹೋಗಿದ್ದೆಷ್ಟೋ ಹೊರಗೆ ಬರೋದೂ ಅಷ್ಟೇ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ.”

ಹೊಸದಾಗಿ ಸುಣ್ಣ ಬಳಿದ ಗೋಡೆ ಇವತ್ತಿಗೂ ಬೆವರಿದ್ದು ಕಂಡರೆ ಒರೆಸಬೇಡ ಮಗೂ. ಸುಣ್ಣಕ್ಕ ಹೊಳೆಯಮ್ಮನ ಸಾಲ ತೀರಿಸುತ್ತಿದ್ದಾಳೆ.